ಎಳೆಯ ಮಕ್ಕಳನ್ನು ನಡೆಸಿದವಳು

(ಮಾರ್ಕನ ಸುವಾರ್ತೆ 10ನೆಯ ಅಧ್ಯಾಯ, 13ರಿಂದ 16ನೆಯ ವಚನಗಳನ್ನು ಓದಿರಿ.)



ಈ ವಚನಗಳನ್ನು ನಾವು ಮಕ್ಕಳ ದೀಕ್ಷಾಸ್ನಾನದ ದಿವಸಗಳಲ್ಲಿ ಅನೇಕಾವರ್ತಿ ಕೇಳಿರುತ್ತೇವೆ. ಜನರು ತಮ್ಮ ಚಿಕ್ಕ ಮಕ್ಕಳನ್ನು ಯೇಸುವಿನ ಬಳಿಗೆ ತಂದಾಗ ಶಿಷ್ಯರು ಅವರನ್ನು ಗದರಿಸಿದರು. ಆ ಶಿಷ್ಯರು ದುಷ್ಟರಾಗಿರಲಿಲ್ಲ. ಗುರುವಿಗೆ ದೊಡ್ಡ ಕೆಲಸಗಳು ಬಹಳ ಇವೆ, ಮಾತು ತಿಳಿಯದ ಕೂಸುಗಳಿಗೋಸ್ಕರ ಆತನ ಹೊತ್ತು ಕಳೆಯಬಾರದು ಎಂದು ಮಾತ್ರ ಅವರು ಎಣಿಸಿದರು. ಆದರೆ ಕರ್ತನು ಅದಕ್ಕೆ ಬೇಸರಗೊಂಡು, ಮಕ್ಕಳನ್ನು ತಡೆದವರನ್ನೇ ತಡೆದನು. ಅಷ್ಟಕ್ಕೆ ಬಿಡದೆ ಅವರನ್ನು ಅಪ್ಪಿಕೊಂಡು, ಅವರ ಮೇಲೆ ಕೈಯಿಟ್ಟು ಆಶೀರ್ವದಿಸಿದನು. ಶಿಷ್ಯರ ಆ ತಪ್ಪು ಅವರೊಂದಿಗೆ ಮುಗಿದುಹೋಯಿತೋ? ಇಲ್ಲ. ಅದು ನಮ್ಮ ಸಭೆಗಳಲ್ಲಿಯೂ ನಮ್ಮ ಮನೆಗಳಲ್ಲಿಯೂ ಈ ಹೊತ್ತಿಗೂ ಇರುತ್ತದೆ. ಇದನ್ನು ತಿಳಿಸುವದಕ್ಕಾಗಿ ದೂರದೇಶದ ಒಬ್ಬ ರೈತಹುಡುಗಿಯ ಚರಿತ್ರೆಯನ್ನು ನಿಮ್ಮ ಮುಂದೆ ಇಡುತ್ತೇವೆ.

ಫ್ರಾನ್ಸ್ ದೇಶದ ಮೂಡಣ ಅಂಚಿನಲ್ಲಿ ಆಲ್ಸಾಸ್ ಎಂಬ ಸೀಮೆಯುಂಟು. ಅಲ್ಲಿ ವೋಜ್ ಎಂಬ ಬೆಟ್ಟಗಳ ನಡುವೆ ಒಂದು ಕಣಿವೆ ಇದೆ. ಜರ್ಮನ್ ಭಾಷೆಯಲ್ಲಿ ಅದಕ್ಕೆ ಸ್ಟೈನ್‌ಟಾಲ್, ಅಂದರೆ ಕಲ್ಲುಕಣಿವೆ ಎಂದು ಹೆಸರು. ಹೆಸರಿಗೆ ತಕ್ಕ ಹಾಗೆ ಅಲ್ಲಿಯ ಭೂಮಿ ಬರಡು, ಚಳಿಗಾಲ ಬಹು ಕಠಿನ. ಅಲ್ಲಿಯ ಜನರು ನಮ್ಮ ಹಾಗೆಯೇ ಪ್ರಾಟೆಸ್ಟಂಟ್ ಸಭೆಗೆ ಸೇರಿದ ಬಡ ರೈತರಾಗಿದ್ದರು. 1750ರಲ್ಲಿ ಸ್ಟೂಬರ್ ಎಂಬ ಬೋಧಕರು ಆ ಸಭೆಗೆ ಬಂದು, ಶಾಲೆ ಎಲ್ಲಿ ಎಂದು ವಿಚಾರಿಸಿದರಂತೆ. ಜನರು ಅವರನ್ನು ಒಂದು ಗುಡಿಸಲಿಗೆ ಕರೆದುಕೊಂಡು ಹೋದರು. ಅಲ್ಲಿ ಮಕ್ಕಳು ಗದ್ದಲ ಮಾಡುತ್ತಿದ್ದರು. ಮೂಲೆಯಲ್ಲಿ ಒಬ್ಬ ಮುದುಕನು ಹಾಸಿಗೆಯಲ್ಲಿ ಬಿದ್ದುಕೊಂಡಿದ್ದನು. ಆತನೇ ಉಪಾಧ್ಯಾಯನು. ಏನು ಕಲಿಸುತ್ತೀ ಎಂದು ಕೇಳಿದ್ದಕ್ಕೆ, ತನಗೇ ಏನೂ ತಿಳಿಯದು, ತಾನು ಮೊದಲು ಊರಿನ ಹಂದಿಗಳನ್ನು ಕಾಯುತ್ತಿದ್ದೆನು, ಮುಪ್ಪಿನಿಂದ ಆ ಕೆಲಸ ಕೂಡದೆ ಹೋದದರಿಂದ ಮಕ್ಕಳನ್ನು ಕಾಯುವದಕ್ಕೆ ಇಟ್ಟಿದ್ದಾರೆ ಎಂದು ಉತ್ತರ ಕೊಟ್ಟನಂತೆ.

ಪ್ರಿಯರೇ, ಇದನ್ನು ಓದಿ ನಮಗೆ ನಗೆ ಬರುತ್ತದೆ. ಆದರೆ ನಗುವದಕ್ಕೆ ಮುಂಚೆ ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳೋಣ. ಬೇರೆ ಯಾವ ಕೆಲಸಕ್ಕೂ ಆಗದವರು ಆದಿತ್ಯವಾರದ ಶಾಲೆಯ ಚಿಕ್ಕವರನ್ನು ನೋಡಿಕೊಳ್ಳಲಿ ಎಂದು ನಾವೂ ಹೇಳಿದ್ದಿಲ್ಲವೋ? ಹಂದಿಗಳನ್ನು ಕಾಯುವದಕ್ಕೆ ಶಕ್ತನನ್ನೂ ಮಕ್ಕಳನ್ನು ಕಾಯುವದಕ್ಕೆ ಅಶಕ್ತನನ್ನೂ ಆರಿಸಿದ ಆ ಊರಿನವರಿಗೂ ನಮಗೂ ಎಷ್ಟು ದೂರ?

ಸ್ಟೂಬರ್ ಅಯ್ಯನವರ ತರುವಾಯ 1767ರಲ್ಲಿ ಯೋಹಾನ್ ಫ್ರೀಡ್ರಿಖ್ ಓಬರ್ಲಿನ್ ಎಂಬವರು ವಾಲ್ಡರ್ಸ್‌ಬಾಖ್ ಎಂಬ ಹಳ್ಳಿಗೆ ಬೋಧಕರಾಗಿ ಬಂದರು. ಅವರು 1826ರಲ್ಲಿ ತೀರಿಕೊಳ್ಳುವ ವರೆಗೂ ಆ ಕಣಿವೆಯನ್ನು ಬಿಡಲಿಲ್ಲ. ದಾರಿ ಕಡಿಸುವದು, ಸೇತುವೆ ಕಟ್ಟಿಸುವದು, ವ್ಯವಸಾಯವನ್ನು ತಿದ್ದುವದು, ಇವೆಲ್ಲವನ್ನೂ ಅವರು ಸುವಾರ್ತೆಯ ಸೇವೆಯೆಂದೇ ಮಾಡಿದರು. ಆದರೆ ಎಳೆಯ ಮಕ್ಕಳ ಶಾಲೆಯ ವಿಷಯದಲ್ಲಿ ಅವರಿಗೆ ದಾರಿ ತೋರಿಸಿದವಳು ಸಭೆಯ ಒಬ್ಬ ಹುಡುಗಿಯೇ. ಬೆಲ್ಮೋಂ ಎಂಬ ಹಳ್ಳಿಯ ಸಾರಾ ಬಾಂಜೆ ಎಂಬಾಕೆಯು ಯಾರೂ ಹೇಳದೆ ತಾನಾಗಿಯೇ ನೆರೆಮನೆಗಳ ಮಕ್ಕಳನ್ನು ಕೂಡಿಸಿ ಅವರಿಗೆ ಹೆಣಿಗೆಯ ಕೆಲಸ ಕಲಿಸುತ್ತಿದ್ದಳು. ಆಕೆಯ ತಂದೆಗೆ ಇದು ಸರಿಬೀಳಲಿಲ್ಲ. ಮನೆಯ ಕೆಲಸ ಕೆಡುತ್ತದೆ, ಹಿಡಿ ಕಾಳೂ ಬರುವದಿಲ್ಲ ಎಂಬದು ಆತನ ಅಸಮಾಧಾನ. ಓಬರ್ಲಿನ್ ಅಯ್ಯನವರು ಆ ತಂದೆಯನ್ನು ಗದರಿಸಲಿಲ್ಲ. ಆತನೊಂದಿಗೆ ಮಾತಾಡಿ ಒಪ್ಪಂದ ಮಾಡಿಕೊಂಡು, 1769ರ ಸುಮಾರಿಗೆ ಸಾರಳನ್ನು ಸಂಬಳದ ಮೇಲೆ ಇಟ್ಟುಕೊಂಡರು. ಹೀಗೆ ಆ ಶಿಶುಶಾಲೆಗಳು ಹುಟ್ಟಿದವು. ಸಾರಳು 1774ರಲ್ಲಿ ಎಳೆಯ ಪ್ರಾಯದಲ್ಲಿಯೇ ಕರ್ತನಲ್ಲಿ ನಿದ್ರೆಹೋದಳು. ಆಕೆಯು ಬಿತ್ತಿದ ಬೀಜವು ಸಾಯಲಿಲ್ಲ.

ಆ ಕೆಲಸವನ್ನು ಬಹುಕಾಲ ಹೊತ್ತುಕೊಂಡವಳು ಲೂಯಿಸ್ ಶೆಪ್ಲರ್ ಎಂಬಾಕೆ. ಆಕೆಯು 1763ರಲ್ಲಿ ಬೆಲ್‌ಫೋಸ್ ಎಂಬ ಹಳ್ಳಿಯಲ್ಲಿ ಬಡವರ ಮನೆಯಲ್ಲಿ ಹುಟ್ಟಿ, ಸುಮಾರು ಹದಿನೈದು ವರುಷದವಳಾಗಿದ್ದಾಗ ಬೋಧಕರ ಮನೆಗೆ ಕೆಲಸದವಳಾಗಿ ಬಂದಳು. ಓಬರ್ಲಿನ್ ಅಯ್ಯನವರು ಆಕೆಯನ್ನೂ ಆಕೆಯ ಜೊತೆಯವರನ್ನೂ ಆಯಾಗಳೆಂದು ಕರೆಯದೆ, ಎಳೆಯರನ್ನು ನಡೆಸುವವರು ಎಂಬ ಗೌರವದ ಹೆಸರಿನಿಂದ ಕರೆದರು. ಚಳಿಗಾಲದಲ್ಲಿ ಹಿಮವು ದಾರಿಯನ್ನು ಮುಚ್ಚಿದ್ದರೂ ಲೂಯಿಸಳು ಬೆಟ್ಟ ಹತ್ತಿ ಇಳಿದು ಊರಿಂದೂರಿಗೆ ಮಕ್ಕಳ ಬಳಿಗೆ ಹೋಗುತ್ತಿದ್ದಳು. ಈಕೆಯ ಕಲಿಸುವ ಕ್ರಮದಿಂದ ನಾವು ಮೂರು ಪಾಠಗಳನ್ನು ಕಲಿಯೋಣ.

ಮೊದಲನೆಯದಾಗಿ, ಮಕ್ಕಳು ಇದ್ದ ಸ್ಥಳದಿಂದಲೇ ಅವರನ್ನು ಕೈಹಿಡಿದು ನಡೆಸಿದರು. ಆ ಕಣಿವೆಯ ಜನರು ಮನೆಯಲ್ಲಿ ತಮ್ಮದೇ ಆದ ನಾಡಮಾತನ್ನು ಆಡುತ್ತಿದ್ದರು. ಪುಸ್ತಕದ ಫ್ರೆಂಚ್ ಭಾಷೆ ಅವರಿಗೆ ತಿಳಿಯದು. ಆದದರಿಂದ ಉಪಾಧ್ಯಾಯಿನಿಯರು ಗಿಡ, ಮೃಗ, ಪಕ್ಷಿಗಳ ಚಿತ್ರಗಳನ್ನೂ ವೇದದ ಕಥೆಗಳ ಚಿತ್ರಗಳನ್ನೂ ತೋರಿಸಿ, ಮೊದಲು ಮನೆಯ ಮಾತಿನಲ್ಲಿ ಅದರ ಹೆಸರು ಹೇಳಿಸಿ, ಆಮೇಲೆ ಫ್ರೆಂಚ್ ಭಾಷೆಯಲ್ಲಿ ಹೇಳಿಸುತ್ತಿದ್ದರು. ತಾಯಿಯ ಮಾತನ್ನು ಕಿತ್ತುಹಾಕಿ ಬೇರೆ ಮಾತನ್ನು ನೆಡಲಿಲ್ಲ. ಒಂದರ ಮೇಲೆ ಇನ್ನೊಂದನ್ನು ಕಟ್ಟಿದರು. ನಮ್ಮ ಊರುಗಳಲ್ಲಿ ತುಳು, ಕೊಂಕಣಿ, ಲಂಬಾಣಿ, ತೆಲುಗು ಮಾತುಗಳನ್ನು ಮನೆಯಲ್ಲಿ ಆಡುವ ಮಕ್ಕಳು ಎಷ್ಟೋ ಮಂದಿ ಇದ್ದಾರೆ. ಶಾಲೆಯಲ್ಲಿ ಕನ್ನಡ ಬಾರದ ಕೂಸನ್ನು ದಡ್ಡನೆಂದು ಬೈಯುವವರು ಇದನ್ನು ಕೇಳಲಿ.

ಎರಡನೆಯದಾಗಿ, ಕೈ, ಕಣ್ಣು, ನಾಲಿಗೆ, ಹೃದಯ ಇವೆಲ್ಲವುಗಳಿಗೂ ಕೆಲಸ ಕೊಟ್ಟರು. ಒಲೆಯಿಂದ ಬೆಚ್ಚಗಿರುವ ಒಂದು ಕೋಣೆಯಲ್ಲಿ ಮಕ್ಕಳು ಕೂಡುವರು. ತೀರ ಚಿಕ್ಕವರು ಆಡುತ್ತಿರುವರು; ತುಸು ದೊಡ್ಡವರು ಹೆಣೆಯುತ್ತಲೋ ನೂಲುತ್ತಲೋ ಕಥೆ ಕೇಳುವರು, ಕೀರ್ತನೆ ಹಾಡುವರು. ತಮ್ಮ ಹಳ್ಳಿಯ ನಕ್ಷೆಯನ್ನು ನೋಡಿ, ತಮ್ಮ ಮನೆ ಎಲ್ಲಿ, ಹೊಳೆ ಎಲ್ಲಿ ಎಂದು ಕಲಿಯುವರು. ಬಿಸಿಲುಗಾಲದಲ್ಲಿ ಹೊಲ ಕಾಡುಗಳಿಗೆ ಹೋಗಿ ಗಿಡಮೂಲಿಕೆಗಳನ್ನು ಗುರುತಿಸುವರು. ಲೋಕವೆಲ್ಲಾ ಅರಿತ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ ಎಂಬ ಹೆಸರನ್ನು ಜರ್ಮನಿಯ ಫ್ರೋಬೆಲ್ ಎಂಬವರು ಕೊಟ್ಟದ್ದು 1840ರಲ್ಲಿ. ಅದಕ್ಕೆ ಸುಮಾರು ಎಪ್ಪತ್ತು ವರುಷಗಳ ಮುಂಚೆಯೇ ಹಳ್ಳಿಯ ಹುಡುಗಿಯರು ಕಲ್ಲುಕಣಿವೆಯಲ್ಲಿ ಅಂಥ ತೋಟವನ್ನು ಅಗೆದಿದ್ದರು. ಬೆತ್ತದ ಭಯದಿಂದ ಬಾಯಿಪಾಠವು ಬರಬಹುದು. ದೇವರ ಸೃಷ್ಟಿಯಲ್ಲಿ ಸಂತೋಷಪಡುವ ಮನಸ್ಸು ಬಾರದು.

ಮೂರನೆಯದಾಗಿ, ಪ್ರೀತಿಯಿಂದ ಮಾಡಿದರು, ಕಡೆಯ ವರೆಗೂ ಮಾಡಿದರು. 1783ರಲ್ಲಿ ಬೋಧಕರ ಪತ್ನಿಯು ತೀರಿಕೊಂಡಾಗ, ತಾಯಿಯಿಲ್ಲದ ಆ ಮಕ್ಕಳನ್ನು ಸಾಕುವ ಭಾರವೂ ಲೂಯಿಸಳ ಮೇಲೆ ಬಿತ್ತು. 1793ನೆಯ ವರುಷದ ಆರಂಭದಲ್ಲಿ ಆಕೆಯು ಓಬರ್ಲಿನ್ ಅಯ್ಯನವರಿಗೆ ಒಂದು ಪತ್ರ ಬರೆದು, ಇನ್ನು ಮೇಲೆ ತನಗೆ ಸಂಬಳ ಬೇಡ, ತನ್ನನ್ನು ಆಳಾಗಿ ನೋಡದೆ ಮಗಳಾಗಿ ನೋಡಬೇಕೆಂದು ಬೇಡಿಕೊಂಡಳು. ಅವರು ಸತ್ತ ಮೇಲೆ ಅವರ ಮಕ್ಕಳು ಆಸ್ತಿಯಲ್ಲಿ ಪಾಲು ಕೊಡಲು ಬಂದಾಗ ಆಕೆಯು ಅದನ್ನು ತೆಗೆದುಕೊಳ್ಳದೆ, ತನ್ನ ಹೆಸರಿನೊಂದಿಗೆ ಓಬರ್ಲಿನ್ ಎಂಬ ಹೆಸರನ್ನು ಸೇರಿಸಿಕೊಳ್ಳುವದಕ್ಕೆ ಅಪ್ಪಣೆಯನ್ನು ಮಾತ್ರ ಕೇಳಿದಳು. 1829ರಲ್ಲಿ ಫ್ರಾನ್ಸಿನ ಮಹಾ ಪಂಡಿತರ ಸಭೆಯು ಸದ್ಗುಣಕ್ಕಾಗಿ ಕೊಡುವ ಬಹುಮಾನವನ್ನು ಈ ಹಳ್ಳಿಯ ಹೆಂಗಸಿಗೆ ಕೊಟ್ಟಿತು. 1837ರಲ್ಲಿ ಆಕೆಯು ತನ್ನ ಓಟವನ್ನು ಮುಗಿಸಿದಳು.

ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕಾಗಿದೆ. ಲೂಯಿಸಳು ಸಂಬಳ ಬೇಡವೆಂದಳಲ್ಲಾ, ನಮ್ಮ ಉಪಾಧ್ಯಾಯಿನಿಯರಿಗೂ ಯಾಕೆ ಕೊಡಬೇಕು ಎಂದು ಯಾರೂ ಅನ್ನಬಾರದು. ಬೇಡವೆನ್ನುವ ಹಕ್ಕು ಆಕೆಯದು. ಕೊಡದೆ ಇರುವ ಹಕ್ಕು ಸಭೆಯದಲ್ಲ. ಓಬರ್ಲಿನ್ ಅಯ್ಯನವರು ಸಾರಳ ಕೆಲಸಕ್ಕೆ ಬೆಲೆ ಕಟ್ಟಿ ಕೊಟ್ಟರೆಂಬದನ್ನು ಮರೆಯಬೇಡಿರಿ. ಕೆಲಸ ಮಾಡಿದವರಿಗೆ ಕೂಲಿ ಸಲ್ಲತಕ್ಕದ್ದೆಂದು ಕರ್ತನೇ ಕಲಿಸಿರುತ್ತಾನೆ. ಒಬ್ಬರ ತ್ಯಾಗವನ್ನು ಹೊಗಳಿ ಇನ್ನೊಬ್ಬರ ಹೊಟ್ಟೆಯ ಮೇಲೆ ಹೊಡೆಯುವದು ಭಕ್ತಿಯಲ್ಲ.

ನಮ್ಮ ದೇಶದಲ್ಲಿ 1975ನೆಯ ಅಕ್ಟೋಬರ್ 2ರಂದು ಸರಕಾರದವರು ಎಳೆಯ ಮಕ್ಕಳ ಪೋಷಣೆಗೂ ಕಲಿಕೆಗೂ ಒಂದು ಯೋಜನೆಯನ್ನು ಆರಂಭಿಸಿದರು. ಅದರಿಂದ ಹಳ್ಳಿಹಳ್ಳಿಗೂ ಅಂಗನವಾಡಿಗಳು ಬಂದಿವೆ. ಅಲ್ಲಿ ಕೂಸುಗಳಿಗೆ ಊಟ ಬಡಿಸಿ, ಮೂಗು ಒರಸಿ, ಹಾಡು ಕಲಿಸುವ ಅಕ್ಕನವರನ್ನು ನಾವು ಹೇಗೆ ನೋಡುತ್ತೇವೆ? ನಮ್ಮ ಹೆಣ್ಣುಮಗಳು ಆ ಕೆಲಸಕ್ಕೆ ಹೋಗುತ್ತೇನೆಂದರೆ ಸಾರಳ ತಂದೆಯಂತೆ ಗೊಣಗುತ್ತೇವೋ? ಸಭೆಯ ಹಿರಿಯರೇ, ನಿಮ್ಮಲ್ಲಿ ಮಕ್ಕಳನ್ನು ಕೂಡಿಸಿ ಕಥೆ ಹೇಳುವ ಹುಡುಗಿಯು ಒಬ್ಬಳಿದ್ದರೆ ಆಕೆಯನ್ನು ಕಂಡುಹಿಡಿಯಿರಿ. ಆಕೆಗೆ ಒಂದು ಬೆಚ್ಚಗಿನ ಕೋಣೆ, ಒಂದು ಒಳ್ಳೆಯ ಹೆಸರು, ತಕ್ಕ ಸಂಬಳ ಕೊಡಿರಿ. ತಾಯಂದಿರೇ, ಅಡಿಗೆ ಮಾಡುತ್ತಾ, ಹೊಲದಲ್ಲಿ ಕಳೆ ಕೀಳುತ್ತಾ ನೀವು ಮಗುವಿಗೆ ಹೇಳುವ ಮಾತೇ ಅದರ ಮೊದಲನೆಯ ಪಾಠವೆಂದು ತಿಳಿಯಿರಿ.

ಮಕ್ಕಳನ್ನು ಅಪ್ಪಿಕೊಂಡ ಕರ್ತನೇ, ಅವರನ್ನು ತಡೆದ ನಮ್ಮ ಕೈಗಳನ್ನು ಕ್ಷಮಿಸಿ, ಅವರನ್ನು ನಿನ್ನ ಬಳಿಗೆ ನಡೆಸುವ ಕೈಗಳನ್ನಾಗಿ ಮಾಡು. ಆಮೆನ್.