ಕೊಂಡು ತಂದ ಗಾಳಿ

ಗಾಳಿಯನ್ನು ನಮ್ಮ ಭಾಷೆ ಎಂದೂ ಬೆಲೆಯುಳ್ಳ ವಸ್ತುವೆಂದು ಎಣಿಸಿದಂತಿಲ್ಲ. ನಂಬಲಾಗದ ಸುದ್ದಿ ಗಾಳಿಮಾತು. ಬುಡವಿಲ್ಲದ ಆಸೆ ಗಾಳಿಗೋಪುರ. ಯಾರೂ ಪಾಲಿಸದ ನಿಯಮ ಗಾಳಿಗೆ ತೂರಿದ್ದು. ಬಿಟ್ಟಿಯಾಗಿ ದೊರೆಯುವುದರ ವಿಷಯದಲ್ಲಿ ಈ ಅನಾದರ ಸಹಜವೇ. ಜೇಡರ ದಾಸಿಮಯ್ಯನಂಥವರು ನೆಲ, ಪೈರುಗಳ ಪಂಕ್ತಿಯಲ್ಲೇ ಗಾಳಿಯನ್ನೂ ಕೂಡಿಸಿ, ಅದೂ ದೇವರು ಕೊಟ್ಟದ್ದೆಂದು ನೆನಪುಮಾಡಬೇಕಾಯಿತು. ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದೆನ್ನುತ್ತಾರೆ. ಈಗ ಈ ದಾನದ ಹಲ್ಲನ್ನು ದಿನವೂ ಎಣಿಸಿ ನೋಡುವ ಕಾಲ ಬಂದಿದೆ.

ಎಣಿಸುವ ವ್ಯವಸ್ಥೆ ಚೆನ್ನಾಗಿಯೇ ಇದೆ. ಪೀಣ್ಯ, ಹೆಬ್ಬಾಳ, ಜಯನಗರ, ಸಿಲ್ಕ್ ಬೋರ್ಡ್ ಮೊದಲಾದೆಡೆ ಬೆಂಗಳೂರಿನ ಗಾಳಿಯನ್ನು ಅಳೆಯುವ ಕೇಂದ್ರಗಳಿವೆ. ಅವು ಹುಡುಕುವುದರಲ್ಲಿ ಮುಖ್ಯವಾದದ್ದು ಎರಡೂವರೆ ಮೈಕ್ರಾನಿಗಿಂತ ಸಣ್ಣದಾದ ಕಣ. ಒಂದು ತಲೆಗೂದಲಿನ ದಪ್ಪದಲ್ಲಿ ಇಂಥವು ಇಪ್ಪತ್ತಕ್ಕೂ ಮೇಲೆ ಸಾಲಾಗಿ ನಿಲ್ಲಬಲ್ಲವು. ಮೂಗಿನ ತಡೆಯನ್ನೂ ಗಂಟಲಿನ ತಡೆಯನ್ನೂ ದಾಟಿ ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು. 2015ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಸೂಚ್ಯಂಕ ಅಳತೆಯ ಫಲವನ್ನು ಆರು ಮಾತುಗಳಲ್ಲಿ ಹೇಳುತ್ತದೆ. ಮೊದಲನೆಯದು ‘ಉತ್ತಮ’, ಎರಡನೆಯದು ‘ಸಮಾಧಾನಕರ’, ಹೀಗೆ ಇಳಿಯುತ್ತ ಆರನೆಯದು ‘ತೀವ್ರ’. ಭಾಷೆ ಕಲಿಸುವ ನನ್ನಂಥವರಿಗೆ ಎರಡನೆಯ ಮಾತಿನ ಮೇಲೆ ಕಣ್ಣು. ಘನ ಮೀಟರ್ ಗಾಳಿಯಲ್ಲಿ ಇಂಥ ಕಣಗಳು 31ರಿಂದ 60 ಮೈಕ್ರೋಗ್ರಾಮಿನವರೆಗೆ ಇದ್ದರೆ ಅದು ಸಮಾಧಾನಕರ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ದಿನದ ಮಿತಿಯಾದರೋ 15. ಯಾರ ಸಮಾಧಾನಕ್ಕೆ ಆ ಮಾತನ್ನು ಇಟ್ಟರೋ!

ಹೀಗಿರುವಾಗ ಅನುಕೂಲವಂತರು ಮನೆಗೆ ಏರ್ ಪ್ಯೂರಿಫೈಯರ್ ತರುವುದರಲ್ಲಿ ಆಶ್ಚರ್ಯವಿಲ್ಲ. ತರುವವರು ತಿಳಿದು ತರಬೇಕು, ಅಷ್ಟೆ. ಅಂಗಡಿಯವನು ಮೊದಲು ತೋರಿಸುವುದು ಬಣ್ಣದ ದೀಪಗಳನ್ನು. ಕೇಳಬೇಕಾದದ್ದು ಯಂತ್ರ ಗಂಟೆಗೆ ಎಷ್ಟು ಶುದ್ಧ ಗಾಳಿ ಕೊಡುತ್ತದೆ ಎಂಬುದನ್ನು. ಹನ್ನೆರಡಡಿ, ಹತ್ತಡಿಯ ಕೋಣೆ, ಹತ್ತಡಿ ಎತ್ತರವೆಂದರೆ ಒಳಗೆ ಸುಮಾರು 34 ಘನ ಮೀಟರ್ ಗಾಳಿ. ಗಂಟೆಗೆ ಐದು ಬಾರಿ ಅದನ್ನು ಸೋಸಬೇಕಾದರೆ 170 ಘನ ಮೀಟರಿನ ಶಕ್ತಿಯಾದರೂ ಬೇಕು. ಒಳಗಿನ ಶೋಧಕ ‘ಹೆಪಾ’ ದರ್ಜೆಯದಾಗಿರಬೇಕು, 0.3 ಮೈಕ್ರಾನಿನ ಕಣಗಳಲ್ಲಿ ನೂರಕ್ಕೆ 99.97 ಪಾಲನ್ನು ಅದು ಹಿಡಿಯುತ್ತದೆ. ವಾಹನಗಳ ಅನಿಲ, ಬಣ್ಣದ ವಾಸನೆಗಳು ಅದಕ್ಕೆ ಸಿಕ್ಕವು. ಅದಕ್ಕೆ ಇದ್ದಿಲಿನ ಪದರ ಬೇರೆ ಬೇಕು. ಓಝೋನ್ ಬಿಟ್ಟು ಗಾಳಿ ತೊಳೆಯುತ್ತೇನೆನ್ನುವ ಯಂತ್ರವನ್ನು ಮುಟ್ಟಲೇಬಾರದು, ಓಝೋನೇ ಶ್ವಾಸಕೋಶಕ್ಕೆ ಕೇಡು. ಯಾವ ಯಂತ್ರವೂ ಆಮ್ಲಜನಕವನ್ನು ಹುಟ್ಟಿಸುವುದಿಲ್ಲವಾದ್ದರಿಂದ ಕಿಟಕಿಯನ್ನು ಸದಾ ಮುಚ್ಚಿಡುವುದೂ ಸಲ್ಲ. ಇನ್ನು, ಒಗ್ಗರಣೆಯ ಹೊಗೆ, ಊದಿನಕಡ್ಡಿ, ಸೊಳ್ಳೆಬತ್ತಿಗಳನ್ನು ಒಳಗೇ ಸಾಕಿಕೊಂಡು ರಸ್ತೆಯನ್ನು ಮಾತ್ರ ಬೈಯುವುದು ನ್ಯಾಯವಲ್ಲ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ನಮ್ಮ ಬೀದಿಯ ಗಾಳಿಯನ್ನು. ದೆಹಲಿಯ ನವೆಂಬರಿಗೆ ಬೇಕಾದ ಯಂತ್ರ ಮೈಸೂರಿನ ಒಳಬಡಾವಣೆಯ ಮನೆಗೆ ದಂಡ. ಬೆಂಗಳೂರಿನಲ್ಲೇ ಮುಖ್ಯರಸ್ತೆಯ ಮೇಲಿನ ಮನೆಯ ಲೆಕ್ಕ ಬೇರೆ, ಮರಗಳ ಸಾಲಿನ ಹಿಂದಿನ ಮನೆಯ ಲೆಕ್ಕ ಬೇರೆ. ಆದ್ದರಿಂದ ಒಳ್ಳೆಯ ಗಿರಾಕಿ ಕೆಲವು ವಾರ ತನ್ನ ಪ್ರದೇಶದ ಅಂಕಿಗಳನ್ನು ನೋಡುತ್ತಾನೆ. ಯಾವ ಹೊತ್ತಿಗೆ ಏರುತ್ತದೆ, ಎಂದು ಇಳಿಯುತ್ತದೆ, ಏಕೆ ಎಂದು ತಿಳಿಯುತ್ತಾನೆ. ನನ್ನ ಪ್ರಶ್ನೆ ಹುಟ್ಟುವುದು ಇಲ್ಲಿ. ಬೀದಿಯ ಗಾಳಿ ಇಷ್ಟು ಕೆಟ್ಟಿದೆಯೆಂದು ಅಂಕಿಸಮೇತ ತಿಳಿದ ಮೇಲೆ, ಆ ತಿಳಿವನ್ನು ಒಂದು ಕೋಣೆಯ ಮಟ್ಟಿಗೆ ಮಾತ್ರ ಬಳಸಿ ಸುಮ್ಮನಾಗುವುದು ಧರ್ಮವೇ?

ನಮ್ಮ ಕಾಲೇಜಿನ ಅರ್ಥಶಾಸ್ತ್ರದ ಅಧ್ಯಾಪಕರೊಬ್ಬರು ಇದನ್ನು ಪ್ರಶ್ನೆಯೆಂದೇ ಒಪ್ಪುವುದಿಲ್ಲ. “ಮಳೆ ಬಂದರೆ ಕೊಡೆ ಹಿಡಿಯುತ್ತೀರಿ. ಪಕ್ಕದವನಿಗೆ ಕೊಡೆ ಇದೆಯೇ ಎಂದು ಕೇಳಿ ಹಿಡಿಯುತ್ತೀರಾ ಸ್ವಾಮಿ? ನನ್ನ ದುಡ್ಡು, ನನ್ನ ಮಕ್ಕಳ ಎದೆಗೂಡು. ಯಾರ ಗಾಳಿಯನ್ನೂ ನಾನು ಕಸಿಯಲಿಲ್ಲವಲ್ಲ!” ಎನ್ನುತ್ತಾರೆ. ಮಾತು ಜಾಣತನದ್ದು, ಬಹುಪಾಲು ನಿಜವೂ ಹೌದು. ಆದರೆ ಕೊಡೆ ಹಿಡಿದವನು ಮಳೆ ತರಿಸಿದವನಲ್ಲ. ಈ ಧೂಳುಹೊಗೆಯಲ್ಲಾದರೋ ಯಂತ್ರ ಕೊಳ್ಳುವವರ ಕಾರಿನ ಪಾಲಿದೆ, ಅವರು ಕಟ್ಟಿಸುವ ಮನೆಯ ಸಿಮೆಂಟು ಮರಳಿನ ಪಾಲಿದೆ. ತಾನೂ ಕೈಹಾಕಿ ಕಲಕಿದ ಕೆರೆಯಿಂದ ತನ್ನ ಕೊಡದ ನೀರನ್ನು ಮಾತ್ರ ಸೋಸಿಕೊಂಡು ಹೊರಟವನಿಗೆ ಕೊಡೆಯ ಹೋಲಿಕೆ ಒಗ್ಗದು.

ಹಾಗೆಂದು ಯಂತ್ರ ತಂದವರನ್ನೆಲ್ಲ ಕಟಕಟೆಯಲ್ಲಿ ನಿಲ್ಲಿಸುವವನು ನಾನಲ್ಲ. ದೆಹಲಿಯಲ್ಲಿರುವ ನನ್ನ ಸೋದರಮಾವನ ಮಗಳ ಮನೆಯಲ್ಲಿ ಎರಡು ಯಂತ್ರಗಳಿವೆ. ಅವಳ ಕಿರಿಯ ಮಗನಿಗೆ ಉಬ್ಬಸ. ಚಳಿಗಾಲದ ರಾತ್ರಿ ಮಗು ಉಸಿರಿಗಾಗಿ ಎದ್ದು ಕೂರುವುದನ್ನು ಕಂಡ ತಾಯಿಗೆ ‘ಊರ ಗಾಳಿ ಶುದ್ಧವಾಗುವ ತನಕ ಕಾಯಮ್ಮ’ ಎಂದು ಬೋಧಿಸುವ ನೀತಿ ನೀತಿಯೇ ಅಲ್ಲ. ಅವಳೇ ಕಳೆದ ಚಳಿಗಾಲದಲ್ಲಿ ಫೋನಿನಲ್ಲಿ ಒಂದು ಮಾತು ಹೇಳಿದಳು: ಮನೆಗೆಲಸಕ್ಕೆ ಬರುವಾಕೆ ಈಚೆಗೆ ಕೆಲಸ ಮುಗಿದ ಮೇಲೂ ಯಂತ್ರದ ಬಳಿ ಹತ್ತು ನಿಮಿಷ ಕೂತು ಹೋಗುತ್ತಾಳಂತೆ. ಏಕೆಂದು ಇವಳು ಕೇಳಿಲ್ಲ, ಆಕೆಯೂ ಹೇಳಿಲ್ಲ.

ಲಂಡನ್ನಿನ ಸಂಗತಿ ಇಲ್ಲಿ ನೆನಪಾಗುತ್ತದೆ. 1952ರ ಡಿಸೆಂಬರ್ 5ರಿಂದ 9ರವರೆಗೆ ಆ ನಗರದ ಮೇಲೆ ಕಲ್ಲಿದ್ದಲಿನ ಹೊಗೆ ಕವಿದು ಕುಳಿತಿತು. ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರದೊಳಕ್ಕೂ ನುಗ್ಗಿ ಸಂಗೀತನಾಟಕವೊಂದನ್ನು ಅರ್ಧಕ್ಕೆ ನಿಲ್ಲಿಸಿತು. ಸತ್ತವರು ಸುಮಾರು 4,000 ಎಂದು ಮೊದಲು ಎಣಿಸಿದರು. 12,000ದವರೆಗೂ ಇರಬಹುದೆಂದು ಆಮೇಲಿನ ಅಂದಾಜು. 1956ರಲ್ಲಿ ಶುದ್ಧ ಗಾಳಿಯ ಕಾಯಿದೆ ಬಂತು. ಹೊಗೆಯ ದೊಡ್ಡ ಪಾಲು ಮನೆಮನೆಯ ಅಗ್ಗಿಷ್ಟಿಕೆಯಿಂದಲೇ ಬರುತ್ತಿದ್ದುದರಿಂದ ಕಾಯಿದೆ ಮನೆಯೊಳಕ್ಕೂ ಕೈಯಿಕ್ಕಿತು. ಒಲೆ ಬದಲಿಸುವ ಖರ್ಚಿನ ಬಹುಪಾಲನ್ನು ಸಾರ್ವಜನಿಕ ಹಣದಿಂದ ಕೊಡುವ ಏರ್ಪಾಡನ್ನೂ ಮಾಡಿತು. ಹೆಪಾ ಶೋಧಕದ ಮೂಲ ಅಷ್ಟರಲ್ಲಿ ಹುಟ್ಟಿತ್ತು, 1940ರ ದಶಕದಲ್ಲಿ, ಅಮೆರಿಕದ ಅಣುಬಾಂಬಿನ ಯೋಜನೆಯಲ್ಲಿ, ವಿಕಿರಣದ ಕಣಗಳನ್ನು ಹಿಡಿಯುವುದಕ್ಕೆಂದು. ಮನೆಗಳಿಗೆ ಅದಿನ್ನೂ ಬಂದಿರಲಿಲ್ಲ. ರಂಗಮಂದಿರದ ಮುಂದಿನ ಸಾಲಿನವರೂ ಹಿಂದಿನ ಸಾಲಿನವರೂ ಒಂದೇ ಹೊಗೆ ಕುಡಿದು ಕೆಮ್ಮಿದರು. ಪಾರ್ಲಿಮೆಂಟಿನ ಸದಸ್ಯರ ಮಲಗುವ ಕೋಣೆಗಳಲ್ಲಿ ಅಂದು ಈ ಯಂತ್ರಗಳು ಗುಂಯ್‌ಗುಡುತ್ತಿದ್ದರೆ ಕಾಯಿದೆ ನಾಲ್ಕೇ ವರ್ಷದಲ್ಲಿ ಬರುತ್ತಿತ್ತೇ?

ನಮ್ಮಲ್ಲಿ ಕಾಯಿದೆಗೆ ಕೊರತೆಯಿಲ್ಲ. ವಾಯುಮಾಲಿನ್ಯದ ಕಾಯಿದೆ 1981ರದು. ಮಲಿನವಲ್ಲದ ಗಾಳಿ ನೀರುಗಳು ಜೀವಿಸುವ ಹಕ್ಕಿನಲ್ಲೇ ಸೇರಿವೆಯೆಂದು ಸುಪ್ರೀಂ ಕೋರ್ಟು 1991ರಲ್ಲೇ ಹೇಳಿದೆ. ಕೊರತೆ ಇರುವುದು ಬೆನ್ನುಹತ್ತಿ ಕೇಳುವ ದನಿಗೆ. ಕುಡಿಯುವ ನೀರಿನಲ್ಲಿ ಆದದ್ದನ್ನು ಬೆಂಗಳೂರಿನವರು ಬಲ್ಲರು. ಪತ್ರಿಕೆಗೆ ಬರೆಯಬಲ್ಲವರು, ಇಂಜಿನಿಯರಿಗೆ ಫೋನು ಮಾಡಬಲ್ಲವರು ಒಬ್ಬೊಬ್ಬರಾಗಿ ಕ್ಯಾನಿನ ನೀರಿಗೆ ಹೋದರು. ನಲ್ಲಿಯ ಮುಂದೆ ಉಳಿದವರು ದನಿಯೆತ್ತಿದರೂ ಕೇಳಿಸದವರು. ಗಾಳಿಯಲ್ಲಿ ಈ ಪಂಕ್ತಿಭೇದ ಇನ್ನೂ ಪೂರ್ಣವಾಗಿಲ್ಲ. ಏಕೆಂದರೆ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡು ಬಸ್ಸಿಗೆ ನಿಲ್ಲಲಾಗದು. ಕೋಣೆಯಿಂದ ಕಾರಿಗೆ, ಕಾರಿನಿಂದ ಕಚೇರಿಗೆ ಸೋಸಿದ ಗಾಳಿಯಲ್ಲೇ ಓಡಾಡುವ ಒಂದು ವರ್ಗ ಮಾತ್ರ ಆಗಲೇ ಕಾಣಿಸಿಕೊಂಡಿದೆ. ಬೆಳಗಿನ ಜಾವ ರಸ್ತೆ ಗುಡಿಸುವ ಪೌರಕಾರ್ಮಿಕರು ಎಬ್ಬಿಸಿದ ಧೂಳನ್ನು ತಾವೇ ನುಂಗಬೇಕು. ಅವರ ಪಾಲಿಗೆ ಯಂತ್ರದ ಆಯ್ಕೆಯ ಪ್ರಶ್ನೆಯೇ ಏಳುವುದಿಲ್ಲ.

ನಾನಿರುವ ವಸತಿ ಸಮುಚ್ಚಯದಲ್ಲಿ ನಲವತ್ತು ಮನೆಗಳು. ಏಳೆಂಟು ಮನೆಗಳಿಗೆ ಗಾಳಿಯಂತ್ರ ಬಂದಿದೆ. ಕರೆಂಟು ಹೋದರೆ ಕೆಳಗೆ ಡೀಸೆಲ್ ಜನರೇಟರ್ ಚಾಲೂ ಆಗುತ್ತದೆ. ಮೇಲಿನ ಆ ಯಂತ್ರಗಳೂ ಅದರ ಬಲದಿಂದಲೇ ನಡೆಯುತ್ತವೆ. ಜನರೇಟರಿನ ಹೊಗೆಕೊಳವೆಯ ಬಾಯಿ ಇರುವುದು ವಾಚ್‌ಮನ್ ಕೋಣೆಯ ಕಿಟಕಿಯ ಎತ್ತರಕ್ಕೆ. ಅದನ್ನು ಮಾಳಿಗೆಯ ಮೇಲಕ್ಕೆ ಏರಿಸಲು ಎಷ್ಟಾಗುತ್ತದೆಂದು ಅಂದಾಜು ತರಿಸಲಾಗಿದೆ. ನಲವತ್ತು ಮನೆಗಳಿಗೆ ಹಂಚಿದರೆ ಮನೆಗೆ ಬೀಳುವುದು ಒಂದು ಶೋಧಕದ ಬೆಲೆಗಿಂತ ಕಡಮೆ. ಭಾನುವಾರ ಸಂಘದ ಸಭೆ. ವಾಚ್‌ಮನ್ ಹಗಲೆಲ್ಲ ಗೇಟಿನ ಬಳಿಯೇ ಇರುತ್ತಾನಲ್ಲ, ಇಷ್ಟು ಖರ್ಚೇಕೆ ಎಂದು ಒಬ್ಬರು ಈಗಾಗಲೇ ಬರೆದು ತಿಳಿಸಿದ್ದಾರೆ. ಗೇಟು ಇರುವುದು ಮುಖ್ಯರಸ್ತೆಗೆ.