ಎರಡನೆಯ ದೋಸೆ

ಬೇಲೂರು, ಹಳೇಬೀಡು ನೋಡಲು ಹೊರಟಿದ್ದ ಗೆಳೆಯನೊಬ್ಬ ಫೋನು ಮಾಡಿದ. "ನೀನು ಆ ಕಡೆಯವನಲ್ವಾ? ದೇವಸ್ಥಾನದ ವಿಷಯ ಬಿಡು, ಯಾರು ಬೇಕಾದರೂ ಹೇಳ್ತಾರೆ. ಎಲ್ಲೆಲ್ಲಿ ತಿನ್ನಬೇಕು ಅಂತ ಒಂದು ಪಟ್ಟಿ ಕಳಿಸು" ಎಂದ. ಊರು ಬಿಟ್ಟು ಬೆಂಗಳೂರು ಸೇರಿದ ಹಾಸನದವರಿಗೆ ಇದಕ್ಕಿಂತ ಸುಖದ ಕೆಲಸ ಇನ್ನೊಂದಿಲ್ಲ. ರಾತ್ರಿಯೇ ಕೂತೆ.

ಮೊದಲು ಚನ್ನರಾಯಪಟ್ಟಣ. ಬೆಂಗಳೂರಿನಿಂದ ನಸುಕಿನಲ್ಲಿ ಹೊರಟರೆ ಹಸಿವು ಸರಿಯಾಗಿ ಅಲ್ಲಿಗೆ ಬಂದು ಮುಟ್ಟುತ್ತದೆ. ತೆಂಗಿನ ಸೀಮೆ, ಚಟ್ನಿಗೆ ಕಾಯಿ ಹಾಕಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಇಡ್ಲಿ ತಿಂದು ಹೆದ್ದಾರಿ ಬಿಟ್ಟು ಹೊಳೆನರಸೀಪುರದ ದಾರಿ ಹಿಡಿಯುವುದು. ಅಲ್ಲಿ ದೋಸೆ. 'ದೋಸೆ' ಎಂದು ಬರೆದವನು, ಅದು ಎಂಥ ದೋಸೆ ಎಂದು ವರ್ಣಿಸಲು ಹೊರಟು, ಅಲ್ಲಿಗೇ ನಿಂತೆ.

1987ನೇ ಇಸವಿ. ನನಗೆ ಹನ್ನೊಂದು ವರ್ಷ. ತಾಲ್ಲೂಕು ಕಚೇರಿಯ ಕೆಲಸವಿದ್ದಾಗ ಅಪ್ಪ ನನ್ನನ್ನೂ ಹೊಳೆನರಸೀಪುರಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಕೆಲಸ ಮುಗಿದರೆ ಒಂದು ದೋಸೆ, ತೀರಾ ಖುಷಿಯಲ್ಲಿದ್ದರೆ ಎರಡು. ಆ ಹೋಟೆಲಿನಲ್ಲಿ ನನ್ನಷ್ಟೇ ಎತ್ತರದ ಒಬ್ಬ ಹುಡುಗ ಮೇಜು ಒರೆಸುತ್ತಿದ್ದ. ಮಾತು ನಮ್ಮ ಕಡೆಯದಲ್ಲ, ಘಟ್ಟದ ಕೆಳಗಿನದು. ಒಮ್ಮೆ ನೀರಿಡುತ್ತಾ, "ನೀ ಯಾವ ಕ್ಲಾಸ್ ಮಾರಾಯ?" ಎಂದು ಕೇಳಿದ. ಆರನೇ ಕ್ಲಾಸು ಎಂದೆ. "ನಂದು ಐದಾಯ್ತು" ಎಂದ, ಎಲ್ಲವೂ ಮುಗಿಯಿತು ಎನ್ನುವ ಹಾಗೆ. ಅವನು 'ಮಾರಾಯ' ಎಂದದ್ದಕ್ಕೆ ನನಗೆ ನಗು ಬಂದಿತ್ತು.

ಅದೇ ದಿನ ಅವನ ಕೈಯಿಂದ ಗಾಜಿನ ಲೋಟ ಜಾರಿತು. ಗಲ್ಲಾದಿಂದ ಎದ್ದುಬಂದವರು ಅವನ ಕೆನ್ನೆಗೆ ಹೊಡೆದರು. ಹೋಟೆಲು ಒಂದು ಗಳಿಗೆ ಸುಮ್ಮನಾಯಿತು, ಆಮೇಲೆ ಎಲ್ಲರೂ ತಿನ್ನತೊಡಗಿದರು. ಅಪ್ಪ, "ಬಿರ್ರನೆ ತಿನ್ನೋ, ಬಸ್ಸು ಹೊಂಟೋಯ್ತದೆ" ಎಂದರು. ಸ್ವಲ್ಪ ಹೊತ್ತಿಗೆ ನನ್ನ ಎರಡನೆಯ ದೋಸೆ ಬಂತು. ತಂದವನು ಅವನೇ. ನಾನು ತಿಂದೆ. ಚೆನ್ನಾಗಿತ್ತು.

ನನ್ನನ್ನು ಕಾಡುತ್ತಿರುವುದು ಆ ಏಟಲ್ಲ. ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ಆ ದೋಸೆಯನ್ನು ನೆನೆಸಿಕೊಂಡಿದ್ದೇನೆ, ಕಂಡಕಂಡವರಿಗೆ ಬಾಯಲ್ಲಿ ನೀರು ಬರುವಂತೆ ಹೇಳಿದ್ದೇನೆ. ಆ ಕಥೆಗಳಲ್ಲಿ ಬೆಣ್ಣೆ ಇತ್ತು, ಕೆಂಪು ಚಟ್ನಿ ಇತ್ತು, ಹೊಳೆ ಕಡೆಯಿಂದ ಬೀಸುವ ಗಾಳಿಯೂ ಇತ್ತು. ಹುಡುಗ ಮಾತ್ರ ಇರಲಿಲ್ಲ. ನಾಲಗೆ ಅಷ್ಟು ಅಚ್ಚುಕಟ್ಟಾಗಿ ಅವನನ್ನು ಸೋಸಿ ತೆಗೆದಿತ್ತು.

ನಮ್ಮಲ್ಲಿ ಅನ್ನದ ಋಣ ಎನ್ನುತ್ತಾರೆ. ಯಾರದೋ ಮನೆಯಲ್ಲಿ ಉಂಡರೆ ಅದು ತೀರುವುದಿಲ್ಲ, ಎದುರಿಗೆ ಸಿಕ್ಕಾಗಲೆಲ್ಲ ನೆನಪಾಗುತ್ತದೆ. ಹೋಟೆಲು ಮಾಡಿದ ದೊಡ್ಡ ಉಪಕಾರವೆಂದರೆ ಈ ಋಣದಿಂದ ಬಿಡಿಸಿದ್ದು. ದುಡ್ಡು ಕೊಟ್ಟೆ, ತಿಂದೆ, ಎದ್ದೆ. ನೀನು ಯಾರ ಮಗ, ಯಾವ ಪೈಕಿ ಎಂದು ಕೇಳುವವರಿಲ್ಲ. ಇದನ್ನು ಹಗುರವಾಗಿ ಎಣಿಸಬಾರದು. ಬ್ರಾಹ್ಮಣರಿಗೆ ಬೇರೆ ಕೋಣೆ ಇಟ್ಟಿದ್ದ ಹೋಟೆಲುಗಳು ಹಳೆಯ ಮೈಸೂರು ಸೀಮೆಯಲ್ಲಿ ಇದ್ದವು. ಹಳ್ಳಿಯ ಚಹಾದಂಗಡಿಗಳಲ್ಲಿ ದಲಿತರ ಲೋಟ ಹೊರಗೆ ಬೇರೆ ಇರುತ್ತಿತ್ತು. ನಮ್ಮ ಸಂವಿಧಾನದ 15ನೇ ವಿಧಿ ಹೋಟೆಲನ್ನು ಹೆಸರು ಹಿಡಿದೇ ಹೇಳುತ್ತದೆ: ಜಾತಿ, ಧರ್ಮ, ಲಿಂಗದ ಕಾರಣಕ್ಕೆ ಯಾರನ್ನೂ ಅಲ್ಲಿಗೆ ಬರದಂತೆ ತಡೆಯಕೂಡದು. ಕೂತು ತಿನ್ನುವವನ ಹಕ್ಕು ಹೀಗೆ 1950ರಲ್ಲೇ ಬಂತು.

ಮೇಜು ಒರೆಸುವವನ ಸರದಿ ತಡವಾಯಿತು. ಬಾಲಕಾರ್ಮಿಕ ಕಾಯ್ದೆ 1986ರದು. ಅಂದರೆ ಆ ಏಟು ಬಿದ್ದಾಗ ಕಾಯ್ದೆ ಇತ್ತು. ಆದರೆ ಹದಿನಾಲ್ಕು ತುಂಬದವರನ್ನು ಇಟ್ಟುಕೊಳ್ಳಬಾರದ ಕೆಲಸಗಳ ಪಟ್ಟಿಗೆ ಹೋಟೆಲು, ಢಾಬಾಗಳು ಸೇರಿದ್ದು 2006ರ ಅಕ್ಟೋಬರ್ 10ರಿಂದ. ಇಪ್ಪತ್ತು ವರ್ಷ ನಮಗೆ ದೋಸೆ ತಂದುಕೊಟ್ಟ ಕೈಗಳು ಯಾರ ಲೆಕ್ಕಕ್ಕೂ ಬರಲಿಲ್ಲ.

ಇದಕ್ಕೆ ಇನ್ನೊಂದು ಮುಖವಿದೆ, ಅದನ್ನು ಮುಚ್ಚಿಡಲಾರೆ. ಕರಾವಳಿಯಿಂದ ಘಟ್ಟ ಹತ್ತಿದ ಎಷ್ಟೋ ಹುಡುಗರಿಗೆ ಊಟ ಸಿಕ್ಕಿದ್ದೇ ಹೋಟೆಲಿನಲ್ಲಿ. ಮುಂಬಯಿಯಲ್ಲಿ ಅಂಥವರಿಗಾಗಿ ಕನ್ನಡ ರಾತ್ರಿಶಾಲೆಗಳಿದ್ದವು. ಲೋಟ ತೊಳೆದವರೇ ಮುಂದೆ ಗಲ್ಲಾದಲ್ಲಿ ಕೂತದ್ದೂ ಉಂಟು. ಹೊಡೆದ ಆ ಮನುಷ್ಯನೂ ಬಾಲ್ಯದಲ್ಲಿ ಯಾರಿಂದಲೋ ಏಟು ತಿಂದಿದ್ದರೆ ಆಶ್ಚರ್ಯವಿಲ್ಲ. ಹೊಟ್ಟೆ ತುಂಬಿದ ನಾನು ಈಗ ಕೂತು ಮರುಗುವುದರಲ್ಲಿ ಏನು ದೊಡ್ಡಸ್ತಿಕೆ? ಪಶ್ಚಾತ್ತಾಪವೂ ಒಂದು ಬಗೆಯ ಚಟ್ನಿಯೇ. ಹಳೆಯ ದೋಸೆಗೆ ಹೊಸ ರುಚಿ ಕೊಡುತ್ತದೆ, ಖರ್ಚೇನೂ ಇಲ್ಲ.

ಪಟ್ಟಿ ಮುಂದೆ ಸಾಗಲಿಲ್ಲ. ಭಾನುವಾರ ನಾನೇ ಹೊರಟೆ. ಹೊಳೆನರಸೀಪುರದಲ್ಲಿ ಆ ಹೋಟೆಲು ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ವಿಚಾರಿಸಿದರೆ ಯಾರಿಗೂ ಹುಡುಗ ನೆನಪಿಲ್ಲ. ದೋಸೆ ಮಾತ್ರ ಇಬ್ಬರಿಗೆ ನೆನಪಿತ್ತು.

ಮಧ್ಯಾಹ್ನ ಅರಕಲಗೂಡು. ಗಂಡಹೆಂಡತಿ ನಡೆಸುವ ಸಣ್ಣ ಮಿಲಿಟರಿ ಹೋಟೆಲು. ಮುದ್ದೆ, ಮಟನ್ ಸಾರು. ಈರುಳ್ಳಿ, ನಿಂಬೆಹಣ್ಣಿನ ತಟ್ಟೆ ತಂದಿಟ್ಟವಳು ಅವರ ಮಗಳು. ಹನ್ನೆರಡು ವರ್ಷವಿರಬಹುದು. ನನ್ನ ಕೈ ಮುದ್ದೆಯ ಮೇಲೇ ನಿಂತಿತು. "ಯಾವ ಕ್ಲಾಸಮ್ಮಾ?" ಎಂದೆ. "ಏಳನೇದು. ಇವತ್ತು ರಜ." ಮನೆಯವರದೇ ಕಸುಬಾದರೆ, ಶಾಲೆಗೆ ತೊಂದರೆಯಾಗದಂತೆ ಮಕ್ಕಳು ಕೈಜೋಡಿಸಬಹುದು ಎಂದು 2016ರ ತಿದ್ದುಪಡಿ ಹೇಳುತ್ತದೆ. ಹೊಲದಲ್ಲಿ ಅಪ್ಪನ ಜೊತೆ ನಾನೂ ಆಲೂಗೆಡ್ಡೆ ಆಯ್ದಿದ್ದೇನೆ. ಅದನ್ನು ಯಾರೂ ಅನ್ಯಾಯ ಎನ್ನಲಿಲ್ಲ, ನನಗೂ ಅನ್ನಿಸಿರಲಿಲ್ಲ. ಎಲ್ಲಿಯವರೆಗೆ ಅದು ಮನೆಗೆಲಸ, ಎಲ್ಲಿಂದ ದುಡಿಮೆ? ನಾನು ಯೋಚಿಸುತ್ತಿರುವುದನ್ನು ಕಂಡು ಅವರಮ್ಮ ಒಳಗಿನಿಂದಲೇ, "ಯಾಕಣ್ಣ, ಸಾರು ಸಪ್ಪಗದಾ?" ಎಂದರು. ಸಪ್ಪಗಿರಲಿಲ್ಲ. ಇನ್ನೊಂದು ಮುದ್ದೆ ಹಾಕಿಸಿಕೊಂಡೆ.

ಸಂಜೆ ಹಾಸನ. ನನ್ನ ಪಟ್ಟಿಯಲ್ಲಿ ಕೊನೆಗೆ ಬರಬೇಕಾಗಿದ್ದ ಜಾಗ. ಬಿಸಿಬಿಸಿ ಬೋಂಡ, ಕಾಫಿ. ಸಪ್ಲೈ ಮಾಡುತ್ತಿದ್ದವನು ಅಸ್ಸಾಮಿನ ಯುವಕ. ಕನ್ನಡದಲ್ಲಿ ಅವನಿಗೆ ಬರುತ್ತಿದ್ದುದು ತಿಂಡಿಗಳ ಹೆಸರು ಮತ್ತು "ಇನ್ನೇನ್ ಕೊಡ್ಲಿ ಸಾರ್?" ಈ ಸಲ ತಪ್ಪಬಾರದೆಂದು, ನನ್ನ ಮುರುಕು ಹಿಂದಿಯಲ್ಲಿ ಹೆಸರು ಕೇಳಿದೆ. ಹೇಳಿದ. ಕಾಫಿ ಮೇಜಿಗೆ ಬರುವಷ್ಟರಲ್ಲಿ ಅದು ಮರೆತುಹೋಗಿತ್ತು. ಮತ್ತೆ ಕೇಳಲು ನಾಚಿಕೆಯಾಯಿತು. ಆದರೂ ಏಳುವಾಗ ಬಿಲ್ಲನ್ನು ತಿರುಗಿಸಿ, ಪೆನ್ನು ಕೊಟ್ಟು, ಬರೆ ಎಂದೆ. ಇದೆಂಥ ಗಿರಾಕಿ ಎನ್ನುವಂತೆ ನನ್ನ ಮುಖ ನೋಡಿ, ತನ್ನ ಲಿಪಿಯಲ್ಲಿ ಬರೆದುಕೊಟ್ಟ. ಪಕ್ಕದ ಮೇಜಿನವರು ಚಟ್ನಿ ಎಂದು ಕೂಗಿದರು, ಓಡಿದ.

ಆ ಚೀಟಿ ನನ್ನ ಪರ್ಸಿನಲ್ಲಿದೆ. ಓದಲು ಬರುವುದಿಲ್ಲ. ಗೆಳೆಯನ ಫೋನು ಮತ್ತೆ ಬಂದಿತ್ತು, ಪಟ್ಟಿ ಎಲ್ಲಿ ಎಂದು.