ಪರರ ಕಣ್ಣಿನಿಂದ ನಾಟಕ ನೋಡುವದು

ನಾಟಕವನ್ನು ನೋಡಹೋಗುವಾಗ ನಾವು ಬರಿದಾದ ಮನಸ್ಸಿನಿಂದ ಹೋಗುತ್ತೇವೋ? ಇಲ್ಲ. ನಮಗಿಂತ ಮುಂಚೆ ನೋಡಿ ಬಂದವರ ಮಾತನ್ನು ಗಂಟು ಕಟ್ಟಿಕೊಂಡೇ ಒಳಗೆ ಹೋಗಿ ಕೂತುಕೊಳ್ಳುತ್ತೇವೆ. ಪರದೆ ಏಳುವದಕ್ಕೆ ಮೊದಲೇ ನಮ್ಮ ತೀರ್ಪು ಅರ್ಧ ಆಗಿಹೋಗಿರುತ್ತದೆ.

ತುಮಕೂರು ಸೀಮೆಯವರಿಗೆ ಇದನ್ನು ಬಹಳವಾಗಿ ವಿವರಿಸಬೇಕಾದದ್ದಿಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವು ವೀರಣ್ಣನವರ ಕಾಲದಲ್ಲಿ ನಾಡೆಲ್ಲಾ ಹೆಸರಾಯಿತು. ‘ಸದಾರಮೆ’ಯ ಕಳ್ಳನಾಗಿ ಅವರು ಜನರನ್ನು ನಗಿಸಿದರು, 1934ರ ‘ಕುರುಕ್ಷೇತ್ರ’ದಲ್ಲಿ ಜೀವಂತ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಇಂಥ ಸುದ್ದಿಯು ಕರಪತ್ರಕ್ಕಿಂತ ಬೇಗನೆ ಬಾಯಿಂದ ಬಾಯಿಗೆ ಹಬ್ಬುತ್ತದೆ. ಆನೆಯ ಸುದ್ದಿ ಕೇಳಿ ಬಂದವನು ಆನೆಗೋಸ್ಕರ ಕಾಯುತ್ತಾನೆ. ಅಷ್ಟರೊಳಗೆ ಪಾತ್ರಧಾರಿಗಳು ಆಡಿದ ಮಾತೂ ಹಾಡಿದ ಪದವೂ ಅವನ ಕಿವಿಗೆ ಬೀಳುವದಿಲ್ಲ. ಕಡೆಗೆ ಆನೆ ಬಂದಾಗಲೂ, ಕೇಳಿದ ಆನೆಗಿಂತ ಕಂಡ ಆನೆ ಚಿಕ್ಕದೆಂದು ಕೊರಗುತ್ತಾನೆ. ಕುಣಿಗಲ್ ಕೆರೆಯ ಚೆಲುವನ್ನು ಜನಪದ ಗೀತೆಯಲ್ಲಿ ಕೇಳಿ ಕಡುಬೇಸಗೆಯಲ್ಲಿ ನೋಡಹೋದವನೂ ಹೀಗೆಯೇ. ಕೆರೆಯನ್ನು ಬೈಯುತ್ತಾನೆ ಹೊರತು ತನ್ನ ಕಿವಿಯನ್ನು ಬೈಯುವದಿಲ್ಲ.

ಕಂಪನಿ ನಾಟಕಗಳಲ್ಲಿ ‘ವನ್ಸ್ ಮೋರ್’ ಎಂದು ಕೂಗುವ ವಾಡಿಕೆ ಇತ್ತಷ್ಟೆ. ಮುಂದಿನ ಸಾಲಿನ ನಾಲ್ವರು ಕೂಗಿದರೆ ಹಿಂದಿನವರೂ ಕೂಗುವರು. ಅವರಲ್ಲಿ ಆ ಪದವನ್ನು ನಿಜವಾಗಿ ಮೆಚ್ಚಿದವರೆಷ್ಟು ಮಂದಿ, ಕೂಗನ್ನು ಮೆಚ್ಚಿದವರೆಷ್ಟು ಮಂದಿ?

ನಿಂದೆಯ ಬಲವು ಹೊಗಳಿಕೆಯ ಬಲಕ್ಕಿಂತ ಕಡಿಮೆಯಲ್ಲ. ಹೆಣ್ಣುವೇಷವನ್ನು ಗಂಡಸರೇ ಹಾಕುತ್ತಿದ್ದ ಕಾಲ ಕಳೆದು ಬಿ. ಜಯಮ್ಮನವರಂಥವರು ಗುಬ್ಬಿ ಕಂಪನಿಯ ರಂಗವನ್ನೇರಿದ ದಿನಗಳಲ್ಲಿ, ನಟಿಯೆಂದರೆ ಮುಖ ಸಿಂಡರಿಸುವ ಮನೆಗಳು ಬಹಳವಿದ್ದವು. ಅಂಥವರಲ್ಲಿ ಅನೇಕರು ನಾಟಕದ ಚಪ್ಪರದ ಬಳಿಗೂ ಸುಳಿದವರಲ್ಲ. ಕೇಳಿದ್ದೇ ಅವರಿಗೆ ಸಾಕಾಗಿತ್ತು.

ಹಾಗಾದರೆ ಪರರನ್ನು ಕೇಳಲೇಬಾರದೋ? ಹಾಗೆನ್ನಲಾರೆ. ಯಾಕಂದರೆ ಕೂಲಿಯ ಹಣದಲ್ಲಿ ಟಿಕೀಟು ಕೊಳ್ಳುವವನು ನಾಲ್ವರನ್ನು ವಿಚಾರಿಸುವದು ನ್ಯಾಯವೇ. ವಿಚಾರಿಸಿ ಹೋದ ಮೇಲಾದರೂ ಅವನು ತನ್ನ ಕಣ್ಣಿನಿಂದ ನೋಡಬೇಕಲ್ಲವೇ? ಹೀಗೆ ಬರೆಯುವ ನಾನೇ ಇದರಲ್ಲಿ ತಪ್ಪಿದವನು.

ಕೆಲವು ವರುಷಗಳ ಕೆಳಗೆ, ತುಮಕೂರಿನಲ್ಲಿ ವೀರಣ್ಣನವರ ಹೆಸರಿನಿಂದಿರುವ ಕಲಾಕ್ಷೇತ್ರದಲ್ಲಿ ಒಂದು ನಾಟಕವಾಯಿತು. ನೆರೆಮನೆಯವರು ಹಿಂದಿನ ದಿನವೇ ನೋಡಿ ಬಂದು, “ಬರೀ ಬೇಸರ, ಸ್ವಾಮಿ” ಅಂದಿದ್ದರು. ನಾನು ಹೋಗಿ ಬೇಸರವನ್ನು ಹುಡುಕುತ್ತಾ ಕೂತೆನು, ಹುಡುಕಿದ್ದು ಸಿಕ್ಕಿತು. ನನ್ನ ಪಕ್ಕದಲ್ಲಿ ಹಳ್ಳಿಯ ಅಜ್ಜಿಯೊಬ್ಬಳು ಮೊಮ್ಮಗನೊಂದಿಗೆ ಕೂತಿದ್ದಳು. ಆಕೆ ನಗುವಲ್ಲಿ ನಕ್ಕಳು. ಒಂದು ಕಡೆ ಸೆರಗಿನಿಂದ ಕಣ್ಣೊರಸಿಕೊಂಡಳು. “ಪಾಪ, ಏನೂ ತಿಳಿಯದು” ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡೆನು. ಮರುದಿನ ಕುಣಿಗಲಿನ ಸ್ನೇಹಿತರೊಬ್ಬರು, “ಹೇಗಿತ್ತು? ನಾವು ಮನೆಮಂದಿಯೆಲ್ಲಾ ಬರಬಹುದೋ?” ಎಂದು ಕೇಳಲು, “ಬರುವಷ್ಟರದ್ದೇನೂ ಅಲ್ಲ” ಅಂದೆನು. ಅವರು ಬರಲಿಲ್ಲ.

ನೆರೆಮನೆಯವರು ಆ ದಿನ ತಲೆನೋವಿನ ನಿಮಿತ್ತ ಮೊದಲನೆಯ ಅಂಕ ಮುಗಿಯುವದರೊಳಗೇ ಎದ್ದು ಬಂದಿದ್ದರೆಂಬದು ನನಗೆ ಆಮೇಲೆ ತಿಳಿಯಿತು. ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಆಡಿದವರ ಶ್ರಮದ ಮೇಲೆ ಒಬ್ಬರ ತಲೆನೋವು ತೀರ್ಪು ಬರೆಯಿತು. ಅದಕ್ಕೆ ನಾನು ಸಾಕ್ಷಿಯ ರುಜು ಹಾಕಿದೆನು. ಕುಣಿಗಲಿನ ಆ ಸ್ನೇಹಿತರಿಗೆ ನಿಜವನ್ನು ಹೇಳಿದೆನಾದರೂ ಅವರು ಒಪ್ಪಲಿಲ್ಲ. ಆ ನಾಟಕದ ಮಾತು ಬಂದಾಗಲೆಲ್ಲಾ, ಅದು ಚೆನ್ನಾಗಿರಲಿಲ್ಲವೆಂದು ಈಗಲೂ ತಾವೇ ಕಂಡವರಂತೆ ಹೇಳುತ್ತಾರೆ.